ಯಂತ್ರ ಕಳಿಸಿದ್ದು ಸಾಕು, ಮನುಷ್ಯರೆಲ್ಲಿ ಎಂದು ಕೇಳೋಣ



ಕಳೆದ ರಾಜ್ಯೋತ್ಸವದ ದಿನ ಊಟಕ್ಕೆ ಏಳುವ ಮುಂಚೆ ನಮ್ಮ ಸಂಘದ ವೇದಿಕೆಯಿಂದ ಒಂದು ಪ್ರಕಟಣೆ ಬಂದದ್ದು ನಿಮಗೆ ನೆನಪಿರಬಹುದು. ಈ ವರ್ಷದ ನಿಧಿಯಿಂದ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಕೊಡಿಸುವುದೆಂದು ತೀರ್ಮಾನವಾಗಿದೆ ಎಂದರು. ಜೋರು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾವು ಐದಾರು ಮಂದಿ ವೈದ್ಯರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಬಿಸಿಬೇಳೆಭಾತಿಗೆ ತಟ್ಟೆ ಹಿಡಿದು ನಿಂತಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದನ್ನು ನಡೆಸುವವರು ಯಾರು ಎಂದು ಕೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಸಮಿತಿಯವರೆಲ್ಲ ನಮ್ಮ ಸ್ನೇಹಿತರೇ. ಅಂದು ಕೇಳದೆ ಉಳಿದದ್ದನ್ನು ಈ ಪತ್ರಿಕೆಯ ಮೂಲಕ ಈಗ ಕೇಳುತ್ತಿದ್ದೇವೆ. ಕೋಪ ಮಾಡಿಕೊಳ್ಳಬೇಡಿ.

ಡಯಾಲಿಸಿಸ್ ಎಂದರೆ ಫ್ರಿಜ್ಜು ತಂದು ಮನೆಯಲ್ಲಿಟ್ಟು ಪ್ಲಗ್ ಹಾಕಿದ ಹಾಗಲ್ಲ. ಒಬ್ಬ ರೋಗಿಗೆ ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಸಾಮಾನ್ಯವಾಗಿ ವಾರಕ್ಕೆ ಮೂರು ಸರದಿ. ನೀರು ಶುದ್ಧ ಮಾಡುವ ಘಟಕ ಬೇಕು, ಕರೆಂಟು ಹೋದರೆ ಜನರೇಟರ್ ಬೇಕು, ಪಕ್ಕದಲ್ಲೇ ನಿಲ್ಲುವ ಟೆಕ್ನಿಶಿಯನ್ ಬೇಕು, ರಕ್ತದೊತ್ತಡ ಕುಸಿದರೆ ಕರೆದಾಗ ಬರುವ ವೈದ್ಯ ಬೇಕು. ಇವುಗಳಲ್ಲಿ ಹಡಗಿನಲ್ಲಿ ಹಾಕಿ ಕಳಿಸಬಹುದಾದದ್ದು ಯಂತ್ರ ಒಂದೇ. ಉಳಿದದ್ದೆಲ್ಲ ಸರ್ಕಾರ ಕೊಡಬೇಕು.

ನಾವು ಹೀಗೆ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. 2006ರಲ್ಲಿ ಒಂದಿಷ್ಟು ವೈದ್ಯರು ಸೇರಿ ಡಾಲರ್ ಕೂಡಿಸಿ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಸೀಮೆಯ ಒಂದು ಆಸ್ಪತ್ರೆಗೆ ಅಲ್ಟ್ರಾಸೌಂಡ್ ಯಂತ್ರ ಕೊಡಿಸಿದೆವು. ಹಾರ, ಶಾಲು, ಕಲ್ಲಿನ ಫಲಕದಲ್ಲಿ ದಾನಿಗಳ ಹೆಸರು, ಯಾವುದಕ್ಕೂ ಕೊರತೆಯಾಗಲಿಲ್ಲ. ಎರಡು ವರ್ಷದ ಮೇಲೆ ರಜೆಗೆ ಹೋದಾಗ ನೋಡೋಣವೆಂದು ಹೋದರೆ, ಯಂತ್ರ ಒಂದು ಬೀಗ ಹಾಕಿದ ಕೋಣೆಯಲ್ಲಿ ಹೂವಿನ ಬೆಡ್‌ಶೀಟು ಹೊದ್ದು ನಿಂತಿತ್ತು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಇಂಥ ಯಂತ್ರವಿರುವ ಜಾಗವನ್ನು ನೋಂದಾಯಿಸಬೇಕು, ಅರ್ಹತೆ ಇದ್ದವರೇ ಅದನ್ನು ಮುಟ್ಟಬೇಕು. ಒಳ್ಳೆಯ ಕಾನೂನು, ನಮ್ಮ ತಕರಾರಿಲ್ಲ. ಆದರೆ ಅಲ್ಲಿ ಅರ್ಹತೆ ಇದ್ದ ಒಬ್ಬರೂ ಇರಲಿಲ್ಲ. ರೇಡಿಯಾಲಜಿಸ್ಟ್ ಹುದ್ದೆ ಕಾಗದದ ಮೇಲೆ ಮಾತ್ರ ಇತ್ತು. "ಸಾರ್, ಮಷಿನ್ ಬಂತು, ಮನುಷ್ಯ ಬರಲಿಲ್ಲ" ಎಂದರು ಅಲ್ಲಿನ ವೈದ್ಯಾಧಿಕಾರಿ. ಅವರೂ ಪಕ್ಕದ ಎರಡು ಆರೋಗ್ಯ ಕೇಂದ್ರಗಳ ಪ್ರಭಾರ ಹೊತ್ತು ಓಡಾಡುತ್ತಿದ್ದವರು. ರಸ್ತೆಯಾಚೆ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರ್ ತುಂಬಿ ತುಳುಕುತ್ತಿತ್ತು. ತುಂಬು ಬಸುರಿಯರು ಸರ್ಕಾರಿ ಆಸ್ಪತ್ರೆಯ ಚೀಟಿ ಹಿಡಿದು, ಬಿಸಿಲಲ್ಲಿ ರಸ್ತೆ ದಾಟಿ, ಅಲ್ಲಿ ದುಡ್ಡು ಕಟ್ಟುತ್ತಿದ್ದರು. ನಮ್ಮ ಹೆಸರಿನ ಕಲ್ಲು ಮಾತ್ರ ಬಾಗಿಲ ಪಕ್ಕ ಚೆನ್ನಾಗಿಯೇ ಇತ್ತು.

ಈಗ ಊರಿನವರು ನಮಗೆ ಹೇಳುವ ಮಾತಿಗೆ ಬರೋಣ. "ನೀವೆಲ್ಲ ಸರ್ಕಾರದ ದುಡ್ಡಿನಲ್ಲಿ ಎಂ.ಬಿ.ಬಿ.ಎಸ್. ಓದಿ ವಿಮಾನ ಹತ್ತಿದವರು, ನಿಮಗೆ ಕೇಳುವ ಹಕ್ಕೆಲ್ಲಿದೆ?" ಮೊದಲ ಅರ್ಧ ನಿಜ, ಒಪ್ಪಿಕೊಳ್ಳುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯ ಸರ್ಕಾರಿ ಕಾಲೇಜುಗಳಲ್ಲಿ ಓದಿದವರು. ನಾವು ಕಟ್ಟಿದ ಫೀಸು ಓದಿನ ಖರ್ಚಿನ ಒಂದು ಮೂಲೆಗೂ ಸಾಲದು. ಉಳಿದದ್ದನ್ನು ಕಟ್ಟಿದವರು ಬೀಡಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಟ್ಟ ಜನ. ಈ ಸಾಲ ನಮ್ಮ ತಲೆಯ ಮೇಲಿದೆ. ಆದರೆ ಸಾಲಗಾರ ಬಾಯಿ ಮುಚ್ಚಿಕೊಂಡಿದ್ದರೆ ಸಾಲ ತೀರುವುದಿಲ್ಲ. ನಾವು ಹೋದೆವೆಂದು ಖಾಲಿಯಾದ ಕುರ್ಚಿಗಿಂತ, ಯಾರನ್ನೂ ಕೂರಿಸದೆ ಸರ್ಕಾರವೇ ಖಾಲಿ ಇಟ್ಟ ಕುರ್ಚಿಯ ಲೆಕ್ಕವನ್ನು ನಾವು ಕೇಳುತ್ತಿರುವುದು.

ಇದರಲ್ಲಿ ಒಂದು ವಿಚಿತ್ರವಿದೆ. ನಮ್ಮಲ್ಲಿ ಅನೇಕರು ಜೆ-1 ವೀಸಾದ ಮೇಲೆ ರೆಸಿಡೆನ್ಸಿಗೆ ಬಂದವರು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಹೋಗಿರಬೇಕು, ಇಲ್ಲವೆ ವೈದ್ಯರ ಕೊರತೆಯಿರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಸೆನೆಟರ್ ಕಾನ್ರಾಡ್ ಹೆಸರಿನ ಈ ಏರ್ಪಾಟು 1994ರಲ್ಲಿ ಶುರುವಾದಾಗ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 20 ಜಾಗಗಳಿದ್ದವು, 2002ರಲ್ಲಿ 30 ಆದವು. ಹೀಗೆ ಸುರಪುರಕ್ಕೋ ಔರಾದಕ್ಕೋ ಹೋಗಲಾರೆವೆಂದ ನಾವು, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ನಡುವೆ, ಕೆಂಟಕಿಯ ಗುಡ್ಡಗಳಲ್ಲಿ, ತರಕಾರಿ ಅಂಗಡಿಯಲ್ಲಿ ಒಂದು ಹಸಿಮೆಣಸಿನಕಾಯಿ ಸಿಗದ ಊರುಗಳಲ್ಲಿ, ಮೂರು ಮೂರು ವರ್ಷ ಹಳ್ಳಿ ಡಾಕ್ಟರಾಗಿ ದುಡಿದೆವು. ಯಾರೂ ನಮಗೆ ತ್ಯಾಗದ ಉಪದೇಶ ಮಾಡಲಿಲ್ಲ. ಇಲ್ಲಿನ ಸರ್ಕಾರ ಮೊದಲು ಲೆಕ್ಕ ಹಾಕಿತ್ತು. 3500 ಜನರಿಗೆ ಒಬ್ಬ ಪ್ರಾಥಮಿಕ ವೈದ್ಯನೂ ಇಲ್ಲದ ಪ್ರದೇಶ ಯಾವುದು ಎಂಬ ಪಟ್ಟಿ ಮಾಡಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿತ್ತು. ಕರಾರುಪತ್ರದಲ್ಲಿ ಸಂಬಳ ಇತ್ತು, ವಾರಕ್ಕೆ 40 ಗಂಟೆ ಎಂದಿತ್ತು, ನಡುವೆ ಬಿಟ್ಟುಹೋದರೆ ಏನಾಗುತ್ತದೆಂಬುದೂ ಸ್ಪಷ್ಟವಾಗಿತ್ತು. ಅಮೆರಿಕದ ವೈದ್ಯಕೀಯ ವ್ಯವಸ್ಥೆ ಸ್ವರ್ಗವಲ್ಲ; ಇಲ್ಲಿ ಬಿಲ್ಲು ನೋಡಿಯೇ ಎದೆನೋವು ಬಂದವರನ್ನು ನಾವು ಕಂಡಿದ್ದೇವೆ. ಆದರೂ ಅದೇ ಮನುಷ್ಯ, ಅದೇ ಹುಬ್ಬಳ್ಳಿಯ ಡಿಗ್ರಿ, ಒಂದು ಕಡೆ ನಿಲ್ಲಲಿಲ್ಲ, ಇನ್ನೊಂದು ಕಡೆ ನಿಂತ. ವ್ಯತ್ಯಾಸ ಅವನ ಗುಣದಲ್ಲಿದೆ ಎಂದು ನಾವು ನಂಬುವುದಿಲ್ಲ.

ನಮ್ಮ ನಾಡಿನಲ್ಲಿ ಏನಾಯಿತು ನೋಡಿ. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಸ್ವಂತ ಅಳತೆ. ಸಮುದಾಯ ಆರೋಗ್ಯ ಕೇಂದ್ರವಾದರೆ ಶಸ್ತ್ರವೈದ್ಯ, ಫಿಸಿಶಿಯನ್, ಹೆರಿಗೆ ತಜ್ಞ, ಮಕ್ಕಳ ತಜ್ಞ ಇರಬೇಕು. ಕಟ್ಟಡಗಳು ಎದ್ದವು, ಬಣ್ಣವೂ ಬಳಿದರು. ಒಳಗೆ ಯಾರಿದ್ದಾರೆಂದು ನೋಡಲು 2002-03ರಲ್ಲಿ ಸಂಶೋಧಕರು ಮುನ್ಸೂಚನೆಯಿಲ್ಲದೆ ಭಾರತದ ಕೇಂದ್ರಗಳಿಗೆ ಹೋದಾಗ ಶೇಕಡ 40ರಷ್ಟು ಆರೋಗ್ಯ ಸಿಬ್ಬಂದಿ ಜಾಗದಲ್ಲಿರಲಿಲ್ಲ. ಶಾಲೆಗಳಲ್ಲಿ ಶೇಕಡ 25ರಷ್ಟು ಮೇಷ್ಟರಿರಲಿಲ್ಲ. ಇದು ಭರ್ತಿಯಾದ ಹುದ್ದೆಗಳ ಕಥೆ. ಭರ್ತಿಯೇ ಆಗದ್ದು ಇದರ ಮೇಲೆ.

2010ರ ನಂತರ ಕರ್ನಾಟಕ ಸರ್ಕಾರ ಒಂದು ಒಳ್ಳೆಯ ಪ್ರಯೋಗ ಮಾಡಿತು. 140 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಸಾಧನ ಇಟ್ಟರು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದರು. ನರ್ಸು, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಶಿಯನ್ನರ ಹಾಜರಿ ಏರಿತು. ಅಷ್ಟರಿಂದಲೇ ಹುಟ್ಟುವ ಮಕ್ಕಳ ತೂಕ ಸುಧಾರಿಸಿತು. ಇದನ್ನು ಓದಿದಾಗ ನಮಗೆ ಕಣ್ಣು ತೇವವಾಯಿತು: ಬೇರೆ ಔಷಧವಲ್ಲ, ಹೊಸ ಯಂತ್ರವಲ್ಲ, ಇರಬೇಕಾದವರು ಇದ್ದರು, ಅಷ್ಟೇ. ವೈದ್ಯರ ಹಾಜರಿ ಮಾತ್ರ ಅಲ್ಲಾಡಲಿಲ್ಲ. ನಮ್ಮದೇ ಜಾತಿಯವರ ಬಗ್ಗೆ ಹೇಳುತ್ತಿದ್ದೇವೆ, ನಾಚಿಕೆಯಿಂದಲೇ. ಆದರೆ ತಪ್ಪಿಸಿಕೊಂಡವರ ಮೇಲೆ ನಿಯಮದ ಪ್ರಕಾರ ಕ್ರಮ ಜರುಗಿಸಲು ಸರ್ಕಾರವೇ ಹಿಂದೇಟು ಹಾಕಿತೆಂಬುದೂ ಅದೇ ಅಧ್ಯಯನದಲ್ಲಿದೆ. ಕಠಿಣವಾದರೆ ಇದ್ದವರೂ ಬಿಟ್ಟುಹೋದಾರು ಎಂಬ ಭಯ.

ಇನ್ನು 'ನಿಯೋಜನೆ' ಎಂಬ ಮಾಯೆ. ಹುದ್ದೆ ಹಳ್ಳಿಯದು, ಸಂಬಳ ಆ ಹುದ್ದೆಯ ಲೆಕ್ಕದಲ್ಲಿ, ಮನುಷ್ಯ ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಲ್ಲೋ. ಪಟ್ಟಿಯಲ್ಲಿ ಅದು ಭರ್ತಿಯಾದ ಹುದ್ದೆ. ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದೆ; ನಮ್ಮ ಹಳ್ಳಿಯ ದೇವರುಗಳೂ ಬಹುಶಃ ನಿಯೋಜನೆಯ ಮೇಲೆ ಹೋಗಿರಬೇಕು.

ಕೊರತೆಗೆ ಸರ್ಕಾರ ಕಂಡುಕೊಂಡ ಇನ್ನೊಂದು ಮದ್ದು 2012ರ ಕಡ್ಡಾಯ ಸೇವೆಯ ಕಾನೂನು. ಜಾರಿಗೆ ಬಂದದ್ದು 2015ರಲ್ಲಿ. ಓದು ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು. ತತ್ವಕ್ಕೆ ನಾವು ವಿರೋಧಿಗಳಲ್ಲ, ನಮಗೇ ಆ ಕಾನೂನು ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಹನ್ನೆರಡು ತಿಂಗಳಿಗೊಮ್ಮೆ ಬದಲಾಗುವ ಡಾಕ್ಟರಿಂದ ಸಕ್ಕರೆ ಕಾಯಿಲೆಯವನಿಗೇನು ಪ್ರಯೋಜನ? ಅವನ ಮಾತ್ರೆ ಹೊಂದಿಕೊಳ್ಳುವ ಹೊತ್ತಿಗೆ ಡಾಕ್ಟರು ಗಂಟುಮೂಟೆ ಕಟ್ಟಿರುತ್ತಾರೆ. ಕೊನೆಗೆ 2023ರಲ್ಲಿ, ತೇರ್ಗಡೆಯಾದವರೇ ಖಾಲಿ ಹುದ್ದೆಗಿಂತ ಹೆಚ್ಚಾಗಿದ್ದಾರೆಂದು, ಅಗತ್ಯವಿದ್ದಷ್ಟು ಮಂದಿಗೆ ಮಾತ್ರ ಎಂದು ತಿದ್ದಿದರು. ಓದಿದವರು ಬೇಕಾದಷ್ಟಿದ್ದಾರೆ ಎಂದಾದರೆ ಹುದ್ದೆಗಳನ್ನೇಕೆ ಕಾಯಂ ಆಗಿ ತುಂಬಬಾರದು?

ಉತ್ತರ ಹಣಕಾಸಿನ ಕಡತದಲ್ಲಿದೆ. ಖಾಲಿ ಹುದ್ದೆ ಎಂದರೆ ಖಜಾನೆಗೆ ಉಳಿತಾಯ. ಸಂಬಳವಿಲ್ಲ, ಪಿಂಚಣಿ ಇಲ್ಲ. ತೀರಾ ಗಲಾಟೆಯಾದರೆ ಗುತ್ತಿಗೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು 2020ರೊಳಗೆ ತಮ್ಮ ಬಜೆಟ್ಟಿನ ಶೇಕಡ 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಬೇಕೆಂದಿತು. ಕರ್ನಾಟಕ ಅದನ್ನು ಮುಟ್ಟಲಿಲ್ಲ. ಶಾಲೆ ಕಾಲೇಜುಗಳ ಕಥೆಯೂ ಇದೇ. ಅಲ್ಲಿ ಗುತ್ತಿಗೆಯವರಿಗೆ 'ಅತಿಥಿ' ಎಂಬ ಚೆಂದದ ಹೆಸರು. ಹತ್ತು ವರ್ಷ ಪಾಠ ಹೇಳಿದವನನ್ನು ಅತಿಥಿ ಎನ್ನುವುದು ಯಾವ ಮನೆಯ ಮರ್ಯಾದೆ? ಕೆಲಸ ಕಾಯಂ ಮಾಡಿ ಎಂದು ಆ ಅತಿಥಿ ಉಪನ್ಯಾಸಕರು 2021ರಲ್ಲೂ 2023ರಲ್ಲೂ ತರಗತಿ ಬಿಟ್ಟು ಬೀದಿಗೆ ಬಂದದ್ದು ನಿಮಗೆ ಗೊತ್ತಿದೆ.

ಸುಧಾರಣೆ ಅಸಾಧ್ಯವೆಂದು ಯಾರೂ ಹೇಳಬೇಡಿ. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ನಜೀರ್ ಸಾಬರ ಕನಸಿನ ಪ್ರಕಾರ ಅಧಿಕಾರ ಕೆಳಗಿಳಿದಾಗ, ಮೇಷ್ಟರುಗಳು ಸಮಯಕ್ಕೆ ಶಾಲೆಗೆ ಬರತೊಡಗಿದರು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕಾರಣ ಸರಳ. ಬಾಗಿಲಲ್ಲಿ ನಿಂತು ಕೇಳುವವನು ಅದೇ ಊರಿನವನಾಗಿದ್ದ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ, ಕೇಳುವವನೇ ಇಲ್ಲದಂತಾಯಿತು. 'ಸಕಾಲ' ಕಾನೂನಿನಲ್ಲಿ ಒಂದು ಸರ್ಟಿಫಿಕೇಟು ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರವಿದೆ. ಡಾಕ್ಟರೇ ತಡವಾದರೆ, ಅಥವಾ ಮೂರು ವರ್ಷ ಬಾರದೇ ಇದ್ದರೆ, ಯಾವ ಪರಿಹಾರವೂ ಇಲ್ಲ.

ಇಂಥ ಸರ್ಕಾರಕ್ಕೆ ನಾವು ಯಂತ್ರ ಕೊಟ್ಟಾಗ ಏನಾಗುತ್ತದೆ? ರಿಬ್ಬನ್ ಕತ್ತರಿಸಲು ಮಂತ್ರಿಗಳಿಗೆ ಒಂದು ಬೆಳಗ್ಗೆ ಸಿಗುತ್ತದೆ. ಪತ್ರಿಕೆಯಲ್ಲಿ ಫೋಟೋ. ಹುದ್ದೆಯ ಪ್ರಶ್ನೆ ಇನ್ನೊಂದು ವರ್ಷ ಮುಂದಕ್ಕೆ. ನಮ್ಮ ದಾನ ಅವರ ನೆಪವಾಗುತ್ತದೆ.

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾವು ಒಂದು ನಿರ್ಣಯ ತರುತ್ತಿದ್ದೇವೆ. ಯಾವ ಆಸ್ಪತ್ರೆಗಾದರೂ ಯಂತ್ರ ಕೊಡುವ ಮುಂಚೆ, ಅದನ್ನು ನಡೆಸುವ ಸಿಬ್ಬಂದಿಯ ಹುದ್ದೆ ಮಂಜೂರಾಗಿ ಭರ್ತಿಯಾಗಿದೆ ಎಂಬ ಲಿಖಿತ ಪತ್ರ ನಮ್ಮ ಕೈಗೆ ಬರಬೇಕು. ಪತ್ರವಿಲ್ಲದಿದ್ದರೆ ಚೆಕ್ಕೂ ಇಲ್ಲ. ಹಾಗೆ ಮಾಡಿದರೆ ರೋಗಿಗಳಿಗೇ ನಷ್ಟ ಎಂದು ಕೆಲವರು ಹೇಳುತ್ತಾರೆ. ಬೆಡ್‌ಶೀಟು ಹೊದ್ದ ಯಂತ್ರದಿಂದ ಯಾವ ರೋಗಿಗೆ ಲಾಭವಾಯಿತೆಂದು ಅವರು ತೋರಿಸಲಿ.

ಇನ್ನೊಂದು ಕೆಲಸವನ್ನು ಈಗಲೇ ಮಾಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಭಾರತದ ನಾಗರಿಕರಿಗೆ ಮಾತ್ರ. ಪಾಸ್‌ಪೋರ್ಟ್ ಬದಲಿಸಿದ ನಮಗೆ ಆ ಹಕ್ಕಿಲ್ಲ, ಬದಲಿಸದವರಿಗೆ ಇದೆ. ಊರಿನಲ್ಲಿರುವ ತಮ್ಮನಿಗೆ, ಅತ್ತಿಗೆಗೆ, ಸೋದರಳಿಯನಿಗೆ ಇದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. ಅಷ್ಟು ಸಾಕು: ನಮ್ಮ ತಾಲ್ಲೂಕಿನ ಪ್ರತಿ ಸರ್ಕಾರಿ ಆಸ್ಪತ್ರೆಗೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಗುತ್ತಿಗೆಯವೆಷ್ಟು, ನಿಯೋಜನೆಯ ಮೇಲೆ ಹೊರಗಿರುವವರು ಯಾರು, ಎಂದಿನಿಂದ, ಯಾರ ಆದೇಶದ ಮೇಲೆ. ಉತ್ತರ ಬಂದಂತೆಲ್ಲ ಈ ಪತ್ರಿಕೆಯಲ್ಲಿ ತಾಲ್ಲೂಕುವಾರು ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ.

ಯುಗಾದಿ ಕಾರ್ಯಕ್ರಮದ ದಿನ ಕಾಫಿ ಇಟ್ಟಿರುವ ಮೇಜಿನ ಪಕ್ಕದಲ್ಲಿ ಈ ಅರ್ಜಿಯ ಝೆರಾಕ್ಸ್ ಪ್ರತಿಗಳಿರುತ್ತವೆ. ತಾಲ್ಲೂಕಿನ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೇವೆ. ಪೆನ್ನು ನೀವೇ ತನ್ನಿ.