ಗಾಯದ ಹಂದಿ ಯಾರ ಲೆಕ್ಕಕ್ಕೆ?

ಮೆಕ್ಕೆಜೋಳ ಹಾಲುಗಾಳಾಗೋ ಹೊತ್ತು ಬಂತು ಅಂದ್ರೆ ನಮ್ಮ ಶಿಕಾರಿಪುರ, ಸೊರಬದ ಕಡೆ ಎರಡು ಕಾಟ ಒಟ್ಟಿಗೇ ಶುರು. ಒಂದು ಹಂದಿ. ಇನ್ನೊಂದು, ಹಂದಿ ಹೊಡಿತೀವಿ ಅಂತ ರಾತ್ರಿ ಹನ್ನೊಂದರ ಮೇಲೆ ತಲೆಗೆ ಬ್ಯಾಟರಿ ಕಟ್ಕೊಂಡು ಬರೋ ಹುಡುಗರ ಗುಂಪು. ಮೊದಲನೇದರ ಬಗ್ಗೆ ಎಲ್ಲರೂ ಮಾತಾಡ್ತೀವಿ. ಎರಡನೇದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಯಾಕಂದ್ರೆ ಅವರು ನಮ್ಮೂರವರೇ, ನೆಂಟರೇ. ಕೆಲವು ಮನೆಗೆ ಬೆಳಿಗ್ಗೆ ಪಾಲೂ ಬರುತ್ತೆ. ಇವತ್ತು ಅದನ್ನೇ ಬರೀತೀನಿ, ಬೇಜಾರಾಗೋರು ಆಗ್ಲಿ.

ಈ ಹುಡುಗರ ಹತ್ರ ಒಂದು ಸಿದ್ಧ ಮಾತಿದೆ. "ಆಫ್ರಿಕಾದಲ್ಲಿ ದುಡ್ಡು ಕೊಟ್ರೆ ಸಿಂಹ, ಕಾಡೆಮ್ಮೆ ಹೊಡೆಯೋಕೆ ಬಿಡ್ತಾರೆ, ನಮಗೆ ಬೆಳೆ ತಿನ್ನೋ ಹಂದಿ ಹೊಡೆದ್ರೆ ಕೇಸಾ?" ಮೊಬೈಲಲ್ಲಿ ನೋಡಿದ ಅರ್ಧ ಸತ್ಯ ಇದು. ಇನ್ನರ್ಧ ನಾನು ಹೇಳ್ತೀನಿ ಕೇಳಿ. ಕೀನ್ಯಾ ದೇಶ 1977ರಲ್ಲೇ ಬೇಟೆ ನಿಲ್ಲಿಸಿದೆ. ಬಿಡೋ ದೇಶಗಳಲ್ಲೂ ಹೊರಗಿಂದ ಬಂದವನು ಕೋವಿ ಹಿಡ್ಕೊಂಡು ಒಬ್ಬನೇ ಕಾಡೊಳಗೆ ನಡೆದುಬಿಡೋದಲ್ಲ. ಪಕ್ಕದಲ್ಲಿ ಲೈಸೆನ್ಸ್ ಇರೋ ವೃತ್ತಿಪರ ಬೇಟೆಗಾರ ಇರಬೇಕು. ಜಿಂಬಾಬ್ವೆಯಲ್ಲಿ ಆ ಲೈಸೆನ್ಸ್ ಬೇಕಂದ್ರೆ ಮೊದಲು ಬರವಣಿಗೆ ಪರೀಕ್ಷೆ, ಆಮೇಲೆ ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ಕಲಿಕೆ, ಕೊನೆಗೆ ಕಾಡಲ್ಲೇ ಪರೀಕ್ಷೆ. ಗಿರಾಕಿ ಹೊಡೆದ ಗುಂಡು ತಪ್ಪಿ ಕಾಡೆಮ್ಮೆ ಗಾಯ ಆಗಿ ಪೊದೆಗೆ ನುಗ್ಗಿದ್ರೆ ಅದರ ಹಿಂದೆ ಹೋಗಿ ಮುಗಿಸೋ ಹೊಣೆ ಅವನದು. ಗಿರಾಕಿಗೂ ರಿಯಾಯ್ತಿ ಇಲ್ಲ: ಸಾಮಾನ್ಯವಾಗಿ ರಕ್ತ ಬಿತ್ತು ಅಂದ್ರೆ ಪ್ರಾಣಿ ಸಿಗಲಿ ಬಿಡಲಿ ಪೂರ್ತಿ ದುಡ್ಡು ಕಟ್ಟಬೇಕು. ಆ ದುಡ್ಡಿನ ಬೇಟೆ ಸರಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಗಾಯಕ್ಕೆ ಒಬ್ಬ ಜವಾಬ್ದಾರ ಇದಾನೆ. ನಮ್ಮಲ್ಲಿ ಯಾರಿದಾರೆ?

"ನಮ್ಮೂರ ಹೆಸರೇ ಶಿಕಾರಿಪುರ" ಅಂತ ಎದೆ ತಟ್ಕೊಳ್ಳೋರೂ ಇದಾರೆ. ಮಹಾದಾನಪುರ ಅಂತ ಇದ್ದ ಊರಿಗೆ ಹೈದರಾಲಿ ಕಾಲದಲ್ಲಿ ಶಿಕಾರಿ ದೆಸೆಯಿಂದ ಈ ಹೆಸರು ಬಂತು ಅನ್ನೋ ಮಾತು ನಾವೆಲ್ಲ ಕೇಳಿದ್ದೇ. ಇರ್ಲಿ. ಆದ್ರೆ ಹಳಬರ ಬೇಟೆ ಹೇಗಿತ್ತು? ಸೋವೋರು ಒಂದು ಕಡೆ, ಕೋವಿಯವರು ಇನ್ನೊಂದು ಕಡೆ. ಯಾರು ಯಾವ ಗಂಡಿಯಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ಗುಂಡು ಹಾರಿಸಬಾರದು ಅಂತ ಹೇಳೋಕೆ ಒಬ್ಬ ಹಿರಿಯ ಇರ್ತಿದ್ದ. ನಮ್ಮ ಪಕ್ಕದ ತ್ಯಾಗರ್ತಿಯ ಹುಲಿಗಳ ಕತೆಯನ್ನ 1954ರ ಪುಸ್ತಕದಲ್ಲಿ ಬರೆದ ಕೆನೆತ್ ಆಂಡರ್ಸನ್ ಕೂಡ ಬೈರ, ರಂಗ ಅಂತ ಕಾಡು ಬಲ್ಲವರನ್ನ ಜೊತೆಗಿಟ್ಟುಕೊಂಡೇ ತಿರುಗಿದ್ದು. ಅದೇ ಪುಸ್ತಕದಲ್ಲಿ ಬೈರನ ಮೇಲೆ ಒಂದು ಅಧ್ಯಾಯಾನೇ ಇದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಆಂಡರ್ಸನ್ ಕತೆ ಓದಿ ಮೈ ಜುಮ್ ಅನ್ನಿಸಿಕೊಂಡವರು ಆ ಬೈರನನ್ನ ಮಾತ್ರ ಮರೆತುಬಿಟ್ರಿ. ಈಗಿನ ಗುಂಪಲ್ಲಿ ಹಿರಿಯ ಇಲ್ಲ, ಬೈರ ಇಲ್ಲ. ಇರೋದು ಒಂದು ಕೇಪಿನ ಕೋವಿ, ಒಂದು ಕ್ವಾರ್ಟರ್ ಬಾಟ್ಲಿ, ಒಂದು ಹೆಡ್‌ಲೈಟು.

ಆ ಹೆಡ್‌ಲೈಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಪ್ರಾಣ ಹೋಗೋದು ಅಲ್ಲೇ. ದನ, ನಾಯಿ, ಬೆಕ್ಕು, ಜಿಂಕೆ ಇವುಗಳ ಕಣ್ಣೊಳಗೆ ಕನ್ನಡಿ ತರ ಒಂದು ಪದರ ಇರುತ್ತೆ, ಬೆಳಕು ಬಿದ್ರೆ ಫಳ್ ಅಂತ ಹೊಳೆಯುತ್ತೆ. ಹಂದಿ ಕಣ್ಣಲ್ಲಿ ಆ ಪದರ ಇಲ್ಲ. ಮನುಷ್ಯನ ಕಣ್ಣಲ್ಲೂ ಇಲ್ಲ. ಅಂದ್ರೆ ಲೈಟಿಗೆ ಹೊಳೆದದ್ದು ಯಾರದೋ ಹಸು ಆಗಿರಬಹುದು. ಹೊಳೆಯದೆ ಜೋಳದ ಸಾಲಲ್ಲಿ ಕಪ್ಪಗೆ ಅಲ್ಲಾಡಿದ್ದು ಹಂದಿಯೂ ಆಗಬಹುದು, ನೀರು ಕಟ್ಟೋಕೆ ಬಗ್ಗಿ ನಿಂತ ಮನುಷ್ಯನೂ ಆಗಬಹುದು. ನಮಗೆ ರಾತ್ರಿ ಮೂರು ಫೇಸ್ ಕರೆಂಟ್ ಬಂದ್ರೆ ರಾತ್ರಿಯೇ ಗದ್ದೆಗೆ ಹೋಗಬೇಕು. ಹಂದಿ ಅಂದ್ಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಮಲೆನಾಡಲ್ಲಿ ಹೊಸದಲ್ಲ. ಆಮೇಲೆ "ಬೇಕಂತ ಹೊಡೆದಿಲ್ಲ" ಅಂದ್ರೆ ಮುಗೀತಾ? ನಿರ್ಲಕ್ಷ್ಯದ ಸಾವಿಗೆ ಈಗಿನ ನ್ಯಾಯ ಸಂಹಿತೆಯಲ್ಲಿ 5 ವರ್ಷದ ತನಕ ಜೈಲು.

ಸರಿ, ಹಂದಿಗೇ ತಾಗಿತು ಅಂತಿಟ್ಕೊಳ್ಳಿ. ಬೆಳೆದ ಗಂಡು ಹಂದಿಯ ಭುಜದ ಮೇಲೆ ದಪ್ಪ ಗಟ್ಟಿ ಕವಚ ಇರುತ್ತೆ. ದೂರದಿಂದ ಬಿದ್ದ ಚರೆ ಅದನ್ನ ಕೊಲ್ಲಲ್ಲ, ಕೆರಳಿಸುತ್ತೆ. ಹೊಡೆದವನು ಎರಡು ನಿಮಿಷ ಬ್ಯಾಟರಿ ಬಿಡ್ತಾನೆ, "ಹೋಯ್ತು ಮಾರಾಯ" ಅಂತ ಮನೆಗೆ ಹೋಗ್ತಾನೆ. ಹಂದಿ ಮಾತ್ರ ಎಲ್ಲಿಗೂ ಹೋಗಿರಲ್ಲ, ಹಳ್ಳದ ಮಟ್ಟಿಯಲ್ಲಿ ಬಿದ್ದಿರುತ್ತೆ. ಬೆಳಿಗ್ಗೆ ಆ ಮಟ್ಟಿಗೆ ಕೈ ಹಾಕೋದು ಯಾರು? ಹುಲ್ಲು ಕೊಯ್ಯೋಕೆ ಹೋದ ಹೆಂಗಸು. ದನ ಹೊಡ್ಕೊಂಡು ಹೋದ ಅಜ್ಜ. ಕೋವಿ ಹಿಡಿದವನು ಆಗ ಹಾಸಿಗೆಯಲ್ಲಿರ್ತಾನೆ.

ಗಾಯದ ಪ್ರಾಣಿ ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಹಾಸನದ ಕಡೆ ನೋಡಿ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಲ್ಲಿ ಗಾಯಗೊಂಡ ಭೀಮ ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡೋಕೆ ಅರಿವಳಿಕೆ ಹೊಡೆದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಸತ್ತರು. ಆನೆಗಳ ಜೊತೆಯೇ ಕೆಲಸ ಮಾಡಿ ಆ ಹೆಸರು ಪಡೆದವರು, ಜೊತೆಗೆ ಇಲಾಖೆಯ ತಂಡ, ಅದೂ ಹಗಲು ಹೊತ್ತು. ಅಂಥವರಿಗೇ ಹಾಗಾದಾಗ, ಹಂದಿ ಗಾಯ ಮಾಡಿ ಕತ್ತಲಲ್ಲಿ ಬಿಟ್ಟು ಹೋಗೋ ಇವರ ಧೈರ್ಯ ಧೈರ್ಯ ಅಲ್ಲ, ಬೇರೆಯವರ ಪ್ರಾಣದ ಮೇಲೆ ಆಡೋ ಜೂಜು.

ಉರುಳು, ಸಿಡಿಮದ್ದು, ಬೇಲಿಗೆ ಕರೆಂಟು ಇವೂ ಅದೇ ಜಾತಿಯವು. ಉರುಳಿಗೆ ಹಂದಿ, ಚಿರತೆ ಅನ್ನೋ ಭೇದ ಗೊತ್ತಿಲ್ಲ. ಮದ್ದಿನ ಉಂಡೆ ಕಚ್ಚಿ ದವಡೆ ಛಿದ್ರ ಆದ ಹಸುವನ್ನ ಕಂಡವರಿಗೆ ಹೆಚ್ಚು ಹೇಳೋದು ಬೇಡ.

ಇನ್ನು ಕಾನೂನು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೊಲ್ಲೋದು ಮಾತ್ರ ಬೇಟೆ ಅಲ್ಲ. ಗಾಯ ಮಾಡೋದು, ಉರುಳು ಹಾಕೋದು, ಪ್ರಯತ್ನ ಪಡೋದೂ ಬೇಟೆಯೇ. ಹಂದಿ ಈಗ ಎರಡನೇ ಶೆಡ್ಯೂಲಲ್ಲಿದೆ. 3 ವರ್ಷ ಜೈಲು, ಇಲ್ಲವೇ 1 ಲಕ್ಷ ದಂಡ, ಇಲ್ಲವೇ ಎರಡೂ ಬೀಳಬಹುದು. ಆದ್ರೆ ಅದೇ ಕಾಯ್ದೆಯ 11ನೇ ಸೆಕ್ಷನ್ ನಮ್ಮ ಪರವಾಗಿಯೂ ಒಂದು ಬಾಗಿಲು ಇಟ್ಟಿದೆ. ನಿಂತ ಬೆಳೆಗೆ ಅಪಾಯ ತರೋ ಇಂಥ ಪ್ರಾಣಿಯನ್ನ ಹೊಡೆಯೋಕೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಮಾಂಸ ಯಾರಿಗೂ ಇಲ್ಲ. ಇಲ್ಲೇ ಗೊತ್ತಾಗುತ್ತೆ ಯಾರು ಬೆಳೆಗಾಗಿ ಬರ್ತಾರೆ, ಯಾರು ಬಾಡಿಗಾಗಿ ಬರ್ತಾರೆ ಅಂತ. ಮಾಂಸ ಇಲ್ಲ ಅಂದ ದಿನ ನಿಮ್ಮ ಜೋಳ ಕಾಯೋಕೆ ಎಷ್ಟು ಹೆಡ್‌ಲೈಟ್ ಬರುತ್ತೆ ಎಣಿಸಿ.

"ಇಲಾಖೆಯವರು ಬರಲ್ಲ, ಪರಿಹಾರ ಸಾಲಲ್ಲ, ನಾವು ಸಾಯೋದಾ?" ಅಂತೀರಿ. ನ್ಯಾಯವಾದ ಸಿಟ್ಟು. ಒಂದೇ ರಾತ್ರಿಲಿ ಅರ್ಧ ಎಕರೆ ಜೋಳ ಮಲಗಿದ್ರೆ ಹೊಟ್ಟೆ ಉರಿಯೋದು ನನಗೂ ಗೊತ್ತು. ಆದ್ರೆ ಆ ಸಿಟ್ಟನ್ನ ಕಳ್ಳ ಕೋವಿಗೆ ಕೊಟ್ಟಷ್ಟು ದಿನ ಸರ್ಕಾರಕ್ಕೆ ಆರಾಮ. ಕೇರಳದಲ್ಲಿ 2022ರಲ್ಲಿ ಹಂದಿ ಹೊಡೆಸೋ ಆದೇಶದ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೇ ತಂದ್ರು. ಹೊಡೆಯೋದು ಲೈಸೆನ್ಸ್ ಕೋವಿ ಇರೋರು, ಲೆಕ್ಕ ಕಾಗದದಲ್ಲಿ. ಅಲ್ಲಿಯ ರೈತರು ಗಲಾಟೆ ಮಾಡಿ ಕೇಳಿದ್ದಕ್ಕೆ ಆಗಿದ್ದು ಅದು.

ನಾವೂ ಕೇಳೋಣ. ಬೆಳೆ ಹಾನಿಯ ಅರ್ಜಿ ಒಬ್ಬೊಬ್ಬರೇ ಕೊಟ್ಟು ಸುಮ್ಮನಾಗೋದು ಬಿಟ್ಟು, ಸರ್ವೆ ನಂಬರ್ ಸಮೇತ ಊರಿನ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ವಲಯ ಅರಣ್ಯಾಧಿಕಾರಿಗೆ ಕೊಡೋಣ. ಅದರಲ್ಲಿ ಮೂರೇ ಮಾತು ಇರಲಿ: ತರಬೇತಿ ಆದ, ಹೆಸರು ದಾಖಲಾದ ಗುರಿಕಾರರು ಬರಲಿ. ಹೊಡೆಯೋ ರಾತ್ರಿ ಸುತ್ತಿನ ಊರಿಗೆ ಮೊದಲೇ ಡಂಗುರ ಆಗಲಿ. ಗಾಯ ಆದ ಪ್ರಾಣಿ ಸಿಗೋ ತನಕ ಹುಡುಕೋ ಹೊಣೆ ಅವರದೇ ಅಂತ ಬರಹದಲ್ಲಿರಲಿ. ಗುರಿ ಇರೋ ಹುಡುಗರು ನಮ್ಮಲ್ಲೂ ಇದಾರೆ, ಲೈಸೆನ್ಸ್ ಮಾಡಿಸಿಕೊಂಡು ಅದೇ ತಂಡಕ್ಕೆ ಸೇರಲಿ, ನಾವೇ ಚಹಾ ಕಾಯಿಸಿ ಕೊಡೋಣ.

ಅಲ್ಲಿ ತನಕ ನಿಮ್ಮ ಹೊಲಕ್ಕೆ ರಾತ್ರಿ ಯಾರಾದ್ರೂ ಕೋವಿ ತಂದ್ರೆ ಒಂದೇ ಪ್ರಶ್ನೆ ಕೇಳಿ: "ಗಾಯ ಆದ್ರೆ ಬೆಳಿಗ್ಗೆ ಹುಡುಕೋಕೆ ಬರ್ತೀಯಾ?" ಉತ್ತರ ಇಲ್ಲದವನನ್ನ ಬದು ದಾಟಿಸಬೇಡಿ.