ಪಾಯಿಂಟಿಗೆ ರೊಕ್ಕ, ಪೆಟ್ಟಿಗೆಗೆ ಯಾರು?

ಹೋದ ವರ್ಷ ಆಷಾಢದ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಪುಣೆಯ ಕೋಥ್ರೂಡಿನ ನಮ್ಮ ಫ್ಲಾಟಿನಲ್ಲಿ ಬಚ್ಚಲಿನ ನಲ್ಲಿ ಮುಟ್ಟಿದ ಹೆಂಡತಿಗೆ ಕೈ ಜುಮ್ಮೆಂದಿತು. ನಾನು ಮಾಡಿದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: "ಸ್ಲಿಪ್ಪರ್ ಹಾಕಿಕೊಂಡು ಸ್ನಾನ ಮಾಡು" ಅಂದೆ. ಎರಡು ದಿನ ಹಾಗೆಯೇ ನಡೆಯಿತು. ಮೂರನೆಯ ದಿನ ಮಗಳು ಟವೆಲ್ ಹಿಡಿದು ಬಚ್ಚಲಿಗೆ ಹೊರಟದ್ದನ್ನು ಕಂಡಾಗ ನನ್ನ ಬುದ್ಧಿಯ ಮೇಲೆ ನನಗೇ ನಾಚಿಕೆಯಾಗಿ ವೈರ್‌ಮನ್‌ಗೆ ಫೋನ್ ಮಾಡಿದೆ.

ಬಂದವನು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹುಡುಗ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದವರು. ಇವನು ಐಟಿಐ ಮುಗಿಸಿ ವೈರ್‌ಮನ್ ಆದವನು. ನಮ್ಮ ಮನೆಯ ಕನ್ನಡ ಕಿವಿಗೆ ಬಿದ್ದದ್ದೇ ಮರಾಠಿ ಬಿಟ್ಟು ತನ್ನ ಮಾತಿಗೆ ಇಳಿದ. ಬಚ್ಚಲಿಗೆ ಹೋಗಲಿಲ್ಲ. ನೇರವಾಗಿ ಬಾಗಿಲ ಹಿಂದಿನ ಡಿಬಿ ಪೆಟ್ಟಿಗೆಯ ಹತ್ತಿರ ಹೋಗಿ, ಅದನ್ನು ಮುಚ್ಚಿದ್ದ ಕ್ಯಾಲೆಂಡರ್ ಸರಿಸಿ, ಆರ್‌ಸಿಸಿಬಿಯ ಮೇಲಿನ ‘ಟಿ’ ಎಂಬ ಪುಟ್ಟ ಗುಂಡಿ ಒತ್ತಿದ. ಟಪ್ ಎಂದು ಅದರ ಲಿವರ್ ಕೆಳಗೆ ಬಿತ್ತು.

ಮನೆಯ ದೀಪ ಆರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು.

"ಸರ್ರ, ಇದು ಬರೇ ತೋರಸಾಕ ಐತ್ರಿ. ಲೈನ್ ಇದರಾಗ ಹಾಯ್ದ ಹೋಗಂಗಿಲ್ಲ" ಅಂದ.

ಕೆಳಗೆ ಮೀಟರ್ ರೂಮಿನಲ್ಲಿ ನಮ್ಮ ಮನೆಯ ಲೈನ್ ಕಡಿದು ಬಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ತೋರಿಸಿದ. ಆರ್‌ಸಿಸಿಬಿಗೆ ಬರುವ ತಂತಿಗಳು ಬರುತ್ತಿದ್ದವು. ಅದರಿಂದ ಹೊರಟು ಮನೆಗೆ ಹೋಗಬೇಕಾದ ತಂತಿಗಳನ್ನು ಮಾತ್ರ ಯಾರೋ ಕಳಚಿ, ಬರುವ ತಂತಿಗಳ ಜೊತೆಗೇ ಸೇರಿಸಿ ಬಿಗಿದಿದ್ದರು. ಸಾಧನ ಜೀವಂತವಾಗಿತ್ತು, ಗುಂಡಿ ಒತ್ತಿದರೆ ಬೀಳುತ್ತಿತ್ತು. ಮನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗೀಸರಿನ ಕಾಯಿಲ್ ಸೋರುತ್ತಿತ್ತು. ಅದರ ಅರ್ಥ್ ತಂತಿ ಪೆಟ್ಟಿಗೆಯೊಳಗಿನ ಸ್ಕ್ರೂನಿಂದ ಜಾರಿ ಸುಮ್ಮನೆ ನಿಂತಿತ್ತು. ಈ ಸ್ಥಿತಿಯಲ್ಲಿ ನಾವು ಎಷ್ಟು ಮಳೆಗಾಲ ಕಳೆದಿದ್ದೆವೋ.

ಇಂಥದ್ದಾದಾಗ ನಾವೆಲ್ಲ ಹೇಳುವ ಮಾತು ಒಂದೇ: ಈ ವೈರ್‌ಮನ್‌ಗಳು ಅಡ್ನಾಡಿ ಕೆಲಸ ಮಾಡುತ್ತಾರೆ. ನನ್ನ ತಕರಾರು ಅವರ ಮೇಲಲ್ಲ. ಈ ಪೆಟ್ಟಿಗೆಯನ್ನು ಹೀಗೆ ಮಾಡಿಸಿದವರು ನಾವು, ಮನೆಯ ಯಜಮಾನರು. ಹೇಗೆ ಎಂದು ಹೇಳುವ ಮೊದಲು ಪೆಟ್ಟಿಗೆಯೊಳಗೆ ಯಾರ ಕೆಲಸ ಏನು ಎನ್ನುವುದು ಸ್ಪಷ್ಟವಾಗಬೇಕು, ಏಕೆಂದರೆ ಓದುಬರಹ ಬಲ್ಲವರ ಮನೆಗಳಲ್ಲೂ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ: "ನಮ್ಮಲ್ಲಿ ಎಂಸಿಬಿ ಇದೆ, ಹೆದರಿಕೆ ಇಲ್ಲ."

ಎಂಸಿಬಿ ಇರುವುದು ತಂತಿಯನ್ನು ಕಾಯಲಿಕ್ಕೆ. ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ, ಅಥವಾ ಶಾರ್ಟ್ ಆದರೆ, ಅದು ಬೀಳುತ್ತದೆ. ಮನುಷ್ಯ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒದ್ದೆ ಮೈಯ ತಡೆ ಸುಮಾರು 1,000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಎದೆಬಡಿತ ಕೆಡಿಸಲು ಅದು ಧಾರಾಳ ಸಾಕು. ಆದರೆ 10 ಆಂಪಿಯರಿನ ಎಂಸಿಬಿಗೆ ತನ್ನ ಮಿತಿಯೇ 10,000 ಮಿಲಿಆಂಪಿಯರ್. ಅದರ ಲೆಕ್ಕದಲ್ಲಿ ಸಾಯುತ್ತಿರುವ ಮನುಷ್ಯ ಒಂದೆರಡು ಬಲ್ಬಿನಷ್ಟು ಹೊರೆ, ಅಷ್ಟೇ.

"ಅರ್ಥಿಂಗ್ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಇರಬೇಕು, ಅದಿಲ್ಲದೆ ಯಾವುದೂ ಪೂರ್ತಿಯಲ್ಲ. ಆದರೆ ಬೇಸಿಗೆಯಲ್ಲಿ ಒಣಗಿದ, ಯಾರೂ ನೀರು ಹಾಕದ ಅರ್ಥ್ ಗುಂಡಿಯ ತಡೆ 25 ಓಮ್‌ಗೆ ಏರಿದೆ ಎನ್ನಿ. ಗೀಸರಿನ ಒಡಲಿಗೆ ಫೇಸ್ ತಗುಲಿದರೆ ನೆಲಕ್ಕೆ ಹೋಗುವುದು 9.2 ಆಂಪಿಯರ್ ಮಾತ್ರ. ಗೀಸರಿನ 16 ಆಂಪಿಯರ್ ಎಂಸಿಬಿ ಇದಕ್ಕೆ ಎಂದೂ ಬೀಳುವುದಿಲ್ಲ. ಗೀಸರಿನ ಒಡಲು ಕರೆಂಟ್ ಹೊತ್ತು ನಿಮ್ಮ ಕೈಗಾಗಿ ಕಾದಿರುತ್ತದೆ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈಯ ಮೂಲಕವೇ, ಎಂದು ತಿಳಿದು ಒಂದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಅದಕ್ಕೂ ಮಿತಿಯಿದೆ: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಕಾಯಲಾರದು, ಅತಿ ಹೊರೆಯನ್ನು ತಡೆಯುವುದೂ ಅದರ ಕೆಲಸವಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಆಗದು.

ಹಾಗಿದ್ದರೆ ನಮ್ಮ ಮನೆಯ ಆರ್‌ಸಿಸಿಬಿಯನ್ನು ಬದಿಗೆ ತಳ್ಳಿದ್ದೇಕೆ? ಅದನ್ನೂ ಹುಡುಗನೇ ಹುಡುಕಿದ. ಹಿಂದಿನ ಮಾಲೀಕರು ಇನ್ವರ್ಟರ್ ಹಾಕಿಸಿದ್ದರು. ದೀಪ, ಫ್ಯಾನುಗಳಿಗೆ ಫೇಸ್ ಇನ್ವರ್ಟರಿನಿಂದ ಬರುತ್ತಿತ್ತು, ಅವುಗಳ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿಯ ನ್ಯೂಟ್ರಲ್ ಪಟ್ಟಿಗೇ ಮರಳುತ್ತಿತ್ತು. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಸಾಧನ ದಿನಕ್ಕೆ ಹತ್ತು ಸಲ ಬಿದ್ದಿರಬೇಕು. ಬೇರೆಯ ನ್ಯೂಟ್ರಲ್ ಪಟ್ಟಿ ಹಾಕಿ ತಂತಿಗಳನ್ನು ಬಿಡಿಸಿ ಕೂರಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಅರ್ಧ ದಿನ ಬೇಕು. ಸಾಧನವನ್ನೇ ಬದಿಗೆ ತಳ್ಳಲು ಐದು ನಿಮಿಷ. "ಯಾವಾಗಲೂ ಟ್ರಿಪ್ ಆಗ್ತದೆ, ಏನಾದರೂ ಮಾಡಪ್ಪ" ಎಂದು ಮನೆಯವರು ಹೇಳಿದ್ದಾರೆ, ಕರೆಸಿಕೊಂಡವನು ಏನೋ ಮಾಡಿದ್ದಾನೆ. ಬೊಗಳಿತೆಂದು ನಾಯಿಯ ಬಾಯಿ ಕಟ್ಟಿ ನೆಮ್ಮದಿಯಾಗಿ ಮಲಗುವುದು ಹೀಗೆ.

ಅವನಿಗೆ ಆ ಅರ್ಧ ದಿನ ಏಕೆ ಸಿಗಲಿಲ್ಲ ಎನ್ನುವುದೇ ಮುಖ್ಯ ಪ್ರಶ್ನೆ. ಹುಡುಗನ ಉತ್ತರ ಇದು: "ಪಾಯಿಂಟಿಗೆ ಇಷ್ಟ ಅಂತ ರೊಕ್ಕ ಕೊಡ್ತಾರ್ರಿ. ಪೆಟಿಗಿ ಒಳಗ ನಾಕ್ ತಾಸ್ ಕುಂತ್ರ ಅದಕ್ಕ ಯಾರ್ ಕೊಡ್ತಾರ್ರಿ?"

ಪುಣೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಮನೆ ವೈರಿಂಗಿನ ಮಾತುಕತೆ ಪಾಯಿಂಟಿನ ಲೆಕ್ಕದಲ್ಲೇ ನಡೆಯುತ್ತದೆ. ಇಷ್ಟು ಲೈಟ್ ಪಾಯಿಂಟು, ಇಷ್ಟು ಪವರ್ ಪಾಯಿಂಟು. ಇವೆಲ್ಲವೂ ಬಂದು ಸೇರುವ ಡಿಬಿ, ಆ ಲೆಕ್ಕದ ಕೊನೆಯಲ್ಲಿ ‘ಎಲ್ಲ ಸೇರಿ’ ಎಂಬ ಎರಡು ಪದಗಳಲ್ಲಿ ಅಡಗಿಹೋಗುತ್ತದೆ. ಹಾಲಿನ ಫಾಲ್ಸ್ ಸೀಲಿಂಗಿನ ಬಣ್ಣಕ್ಕೆ ಮೂರು ಭಾನುವಾರ ಚರ್ಚಿಸುವ ನಾವು, ಡಿಬಿಯ ಬಗ್ಗೆ ಕೇಳುವ ಪ್ರಶ್ನೆ ಒಂದೇ: "ಇದನ್ನು ಕಾಣದ ಹಾಗೆ ಮಾಡಬಹುದಾ?" ಹಣ ಕೊಡದ ಕಡೆ ಕೆಲಸವೂ ಇರುವುದಿಲ್ಲ. ತಂತಿಗಳು ಶಾವಿಗೆ ಚೆಲ್ಲಿದ ಹಾಗೆ ಒಳಗೆ ತುರುಕಿಸಿಕೊಂಡಿರುತ್ತವೆ, ಮೇಲೆ ಹೊಳೆಯುವ ಬಿಳಿ ಮುಚ್ಚಳ.

ಅಚ್ಚುಕಟ್ಟು ಎಂದರೆ ಶೋಕಿ ಎಂದು ತಿಳಿದವರಿಗೆ ಒಂದು ಲೆಕ್ಕ ಹೇಳುತ್ತೇನೆ. ತಂತಿಯ ತುದಿಗೆ ಲಗ್ ಹಾಕಿ ಒತ್ತದೆ, ಎಳೆಗಳನ್ನು ಹಾಗೆಯೇ ತಿರುಚಿ ಸ್ಕ್ರೂ ಕೆಳಗೆ ತುರುಕಿದರೆ ಕೆಲವು ದಿನಗಳಲ್ಲಿ ಅದು ಸಡಿಲವಾಗುತ್ತದೆ. ಆ ಕೂಡುಜಾಗದ ತಡೆ ಬರೀ 0.1 ಓಮ್ ಆದರೂ, 16 ಆಂಪಿಯರ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ 25 ವ್ಯಾಟ್‌ಗೂ ಹೆಚ್ಚು. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಬೆಸುಗೆ ಕಡ್ಡಿಯೂ 25 ವ್ಯಾಟಿನದೇ. ಅಂಥದ್ದೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಉರಿಯಲು ಬಿಟ್ಟು ಬಾಗಿಲು ಹಾಕಿದಂತೆ. ಇದನ್ನು ಎಂಸಿಬಿಯೂ ಕಾಣದು, ಏಕೆಂದರೆ ಕರೆಂಟ್ ಹೆಚ್ಚಿಲ್ಲ. ಆರ್‌ಸಿಸಿಬಿಯೂ ಕಾಣದು, ಏಕೆಂದರೆ ಏನೂ ಸೋರಿಲ್ಲ. ಅದನ್ನು ತಡೆಯುವುದು ಲಗ್ ಒತ್ತಿ ಸ್ಕ್ರೂ ಬಿಗಿದ ಕೈ ಮಾತ್ರ.

ಇನ್ನೊಂದು ರೂಢಿ ನೋಡಿ. 2.5 ಚದರ ಮಿಲಿಮೀಟರ್ ತಂತಿಯ ಮೇಲೆ 16 ಆಂಪಿಯರಿನ ಎಂಸಿಬಿ ಇದೆ. ಎರಡು ದೊಡ್ಡ ಯಂತ್ರ ಒಟ್ಟಿಗೆ ಹಾಕಿದರೆ ಬೀಳುತ್ತದೆ. "ಭಾರೀದು ಹಾಕು" ಎನ್ನುತ್ತೇವೆ. 32 ಆಂಪಿಯರಿನದು ಬರುತ್ತದೆ. ಈಗ ಬೀಳುವುದಿಲ್ಲ ನಿಜ. ಇನ್ನು ಮೇಲೆ ಗೋಡೆಯೊಳಗಿನ ತಂತಿಯೇ ಫ್ಯೂಸು. ಅಜ್ಜನ ಮನೆಯ ಕಿಟ್‌ಕ್ಯಾಟ್ ಫ್ಯೂಸಿಗೆ ನಾಲ್ಕು ಎಳೆ ದಪ್ಪ ತಂತಿ ಸುತ್ತುತ್ತಿದ್ದ ಚಾಳಿ ಇದೇ. ಬರೀ ಸಾಮಾನು ಬದಲಾಗಿದೆ.

ಪುಣೆ ಇದನ್ನೆಲ್ಲ ಮರೆಯಬಾರದ ಊರು. 2024ರ ಜುಲೈ 25ರ ಮಳೆಯಲ್ಲಿ ಮುಠಾ ನದಿಯ ಪಕ್ಕ, ಡೆಕ್ಕನ್ ಜಿಮ್‌ಖಾನಾದ ಪುಲಾಚಿ ವಾಡಿಯಲ್ಲಿ, ತಮ್ಮ ಕೈಗಾಡಿಯನ್ನು ನೀರಿನಿಂದ ಸರಿಸಲು ಹೋದ ಮೂವರು ಯುವಕರು ಕರೆಂಟ್ ತಗುಲಿ ಸತ್ತರು. ಮೂವರು ಒಟ್ಟಿಗೆ ಹೋದದ್ದರಿಂದ ಅದು ಸುದ್ದಿಯಾಯಿತು. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಸಾಯುತ್ತಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಗಳು. ಬಚ್ಚಲಲ್ಲಿ, ಮೋಟರಿನ ಹತ್ತಿರ, ಬಟ್ಟೆ ಒಣಹಾಕುವ ತಂತಿಯಲ್ಲಿ ಒಬ್ಬೊಬ್ಬರಾಗಿ ಹೋಗುವವರು ಪತ್ರಿಕೆಯ ಒಳಪುಟದ ಒಂದು ಸಾಲು.

ಕಾನೂನು ಇಲ್ಲವೇ? ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಹೊರಬಿದ್ದವು. ತೀರಾ ಚಿಕ್ಕ ಹೊರೆಯ ಸಂಪರ್ಕಗಳನ್ನು ಬಿಟ್ಟರೆ ಸೋರಿಕೆ ಕಂಡು ಲೈನ್ ಕಡಿಯುವ ಸಾಧನ ಇರಲೇಬೇಕು, ಮನೆಗಳಲ್ಲಿ ಅದರ ಮಿತಿ 30 ಮಿಲಿಆಂಪಿಯರ್ ಎಂಬುದು ನಿಯಮ. ಹೊಸ ಸಂಪರ್ಕ ಕೇಳುವಾಗ ಲೈಸೆನ್ಸ್ ಇರುವ ಕಾಂಟ್ರಾಕ್ಟರನ ಟೆಸ್ಟ್ ರಿಪೋರ್ಟನ್ನೂ ಕೊಡಬೇಕು. ಆ ಕಾಗದ ಹುಟ್ಟುವುದು ಕಟ್ಟಡ ಹುಟ್ಟಿದಾಗ. ಆಮೇಲೆ ಮೂವತ್ತು ವರ್ಷದಲ್ಲಿ ಮನೆ ಮೂರು ಕೈ ಬದಲಾಗುತ್ತದೆ, ಎಸಿ ಬರುತ್ತದೆ, ಇನ್ವರ್ಟರ್ ಬರುತ್ತದೆ, ಗೋಡೆ ಒಡೆದು ಅಡುಗೆಮನೆ ಆಚೀಚೆ ಆಗುತ್ತದೆ. ಇನ್ನೊಂದು ಕಾಗದ ಹುಟ್ಟುವುದಿಲ್ಲ.

ಇಲ್ಲಿ ನಾನು ಬೆರಳು ತೋರಿಸುವುದು ನಮ್ಮ ಹೌಸಿಂಗ್ ಸೊಸೈಟಿಗಳ ಕಡೆಗೆ. ಫ್ಲಾಟಿನೊಳಗೆ ಕೆಲಸ ಮಾಡಿಸುವವರಿಂದ ಡಿಪಾಸಿಟ್ ಕಟ್ಟಿಸಿಕೊಳ್ಳುತ್ತೇವೆ. ಸಿಮೆಂಟ್ ಚೀಲ ಲಿಫ್ಟಿನಲ್ಲಿ ಒಯ್ಯಬಾರದು, ಮಧ್ಯಾಹ್ನ ಡ್ರಿಲ್ ಮಾಡಬಾರದು ಎಂದು ನೋಟಿಸ್ ಅಂಟಿಸುತ್ತೇವೆ. ಡಿಬಿ ಬದಲಿಸಿದವನ ಲೈಸೆನ್ಸ್ ಏನು ಎಂದು ಯಾವ ಕಮಿಟಿಯೂ ಕೇಳುವುದಿಲ್ಲ. ಒಂದು ಫ್ಲಾಟಿನ ಬೆಂಕಿ ಮೇಲಿನ ಫ್ಲಾಟಿನ ಮಗುವನ್ನು ಯಾವ ಮಹಡಿ ಎಂದು ಕೇಳಿ ಬಿಡುವುದಿಲ್ಲ. ಡಿಪಾಸಿಟ್ ಮರಳಿಸುವ ಮೊದಲು ಒಂದು ಹಾಳೆ ಕೇಳಿ: ಲೈಸೆನ್ಸ್ ಇರುವವರ ಸಹಿ, ಯಾವ ಎಂಸಿಬಿ ಯಾವ ದಪ್ಪದ ತಂತಿಯ ಮೇಲೆ ಎಂಬ ಪಟ್ಟಿ, 500 ವೋಲ್ಟಿನ ಮೆಗ್ಗರ್ ಹಾಕಿದಾಗ ಕನಿಷ್ಠ 1 ಮೆಗಾಓಮ್ ಬಂತೆಂಬ ದಾಖಲೆ, ಆರ್‌ಸಿಸಿಬಿ ಬಿದ್ದಾಗ ಮನೆ ಕತ್ತಲಾಯಿತೆಂಬ ಖಾತ್ರಿ. ಒಂದೇ ಹಾಳೆ.

ನಮ್ಮ ಮನೆಯ ಹೊಸ ಪೆಟ್ಟಿಗೆಗೆ ಒಂದು ಇಡೀ ದಿನ ಹಿಡಿಯಿತು. ಮೀಟರ್ ರೂಮಿನಲ್ಲಿ ಲೈನ್ ಕಡಿದು, ಅಲ್ಲಿ ಒಂದು ಚೀಟಿ ಕಟ್ಟಿ, ಮೇಲೆ ಬಂದು ಟೆಸ್ಟರಿನಿಂದ ನೋಡಿಕೊಂಡ ಮೇಲೆಯೇ ಹುಡುಗ ಸ್ಕ್ರೂಡ್ರೈವರ್ ಎತ್ತಿದ. ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಒಂದೇ ಬಣ್ಣದ ಬಂಡಲ್ಲಿನಲ್ಲಿ ಇಡೀ ಮನೆ ಎಳೆದಿದ್ದ ಕಡೆ ತುದಿಗಳಿಗೆ ಬಣ್ಣದ ಟೇಪ್ ಸುತ್ತಿದ. ಎಂಸಿಬಿಯಿಂದ ಎಂಸಿಬಿಗೆ ತುಂಡು ತಂತಿಯ ಕೊಂಡಿ ಹಾಕದೆ ತಾಮ್ರದ ಬಸ್‌ಬಾರ್ ಕೂರಿಸಿದ. ಇನ್ವರ್ಟರಿನ ನ್ಯೂಟ್ರಲ್‌ಗೆ ಬೇರೆ ಪಟ್ಟಿ, ಅರ್ಥ್‌ಗೆ ಬೇರೆ ಪಟ್ಟಿ. ಎರಡು ಜಾಗ ಮುಂದಿನ ಕಾಲಕ್ಕೆಂದು ಖಾಲಿ ಬಿಟ್ಟು ಅವುಗಳ ಬಾಯಿಗೆ ಮುಚ್ಚಳ ಹಾಕಿದ. ತಂತಿಗಳನ್ನು ಜಡೆಯಂತೆ ಹಿಡಿದು ಕಟ್ಟಿದ. ಕೊನೆಗೆ ಪ್ರತಿ ಎಂಸಿಬಿಯ ಕೆಳಗೆ ಹೆಸರು ಬರೆದು ಅಂಟಿಸಿದ, ಕನ್ನಡದಲ್ಲೂ ಮರಾಠಿಯಲ್ಲೂ. "ನಾಳೆ ನಾ ಇರಂಗಿಲ್ಲರಿ. ಬರಾವಗ ತಿಳೀಬೇಕಲ್ರಿ" ಅಂದ. ಅಚ್ಚುಕಟ್ಟು ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಪೆಟ್ಟಿಗೆಯನ್ನು ಮುಂದೆ ಬಿಚ್ಚುವವನು ಯಾರೋ ಅಪರಿಚಿತ. ಅವನ ಜೀವ ಇಂದು ಕಟ್ಟುವವನ ಕೈಯಲ್ಲಿದೆ.

ಆ ದಿನದ ಕೂಲಿಯನ್ನು ನಾನು ಪಾಯಿಂಟಿನ ಲೆಕ್ಕದಲ್ಲಿ ಕೊಡಲಿಲ್ಲ. ಡಿಬಿಗೇ ಬೇರೆ ಮಾತಾಡಿ ಬೇರೆ ಕೊಟ್ಟೆ. ಸಾಮಾನು, ಕೂಲಿ ಎಲ್ಲ ಸೇರಿದರೂ ಹಾಲಿನ ಸೋಫಾದ ಅರ್ಧ ಬೆಲೆ ಆಗಲಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಪೆಟ್ಟಿಗೆಯ ಹತ್ತಿರ ಹೋಗಿ. ಮುಚ್ಚಳ ಬಿಚ್ಚಬೇಡಿ, ಮೇನ್ ಆರಿಸಿದರೂ ಒಳಗೆ ಬರುವ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅದು ಬಲ್ಲವರ ಕೆಲಸ. ಕಂಪ್ಯೂಟರ್ ಆರಿಸಿ, ದೀಪ ಹಾಕಿ, ‘ಟಿ’ ಗುಂಡಿಯನ್ನು ಒಮ್ಮೆ ಒತ್ತಿ. ಗುಂಡಿಯೇ ಇಲ್ಲದಿದ್ದರೆ, ಒತ್ತಿದರೂ ಲಿವರ್ ಬೀಳದಿದ್ದರೆ, ಅಥವಾ ಲಿವರ್ ಬಿದ್ದೂ ಇನ್ವರ್ಟರಿನ ಮೇಲಿಲ್ಲದ ದೀಪ ಉರಿಯುತ್ತಲೇ ಇದ್ದರೆ, ನಾಳೆ ಬೆಳಿಗ್ಗೆ ಯಾರೂ ಬಚ್ಚಲಿಗೆ ಹೋಗುವ ಮೊದಲು ಗೀಸರಿನ ಎಂಸಿಬಿ ಕೆಳಗಿಳಿಸಿ, ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ. ಅವನು ಬಂದಾಗ ಪಾಯಿಂಟಿಗೆಷ್ಟು ಎಂದು ಕೇಳಬೇಡಿ. ಪೆಟ್ಟಿಗೆಗೆ ಎಷ್ಟು ಹೊತ್ತು ಬೇಕು ಎಂದು ಕೇಳಿ, ಆ ಹೊತ್ತಿಗೆ ದುಡ್ಡು ಕೊಡಿ.