ಮುದಿ ರೈತನಿಗೆ ದಿನಕ್ಕೆ ನಲವತ್ತು ರೂಪಾಯಿ



ನಿಮ್ಮ ಜಗಲಿ ಮೇಲೆ ಕೂತಿರುವ ಮುದುಕನನ್ನು ಒಂದು ಸಲ ನೋಡಿ. 1980ರ ಜುಲೈಯಲ್ಲಿ ನವಲಗುಂದ, ನರಗುಂದದ ರೈತರು ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಎದ್ದು ಗುಂಡು ತಿಂದಾಗ ಆತನಿಗೆ ಇಪ್ಪತ್ತೈದು ಇದ್ದೀತು. ಈಗ ಎಪ್ಪತ್ತು. ಪೇಟೆಯಲ್ಲಿ ಹೆಚ್ಚು ಬೆಲೆ ಇದ್ದಾಗಲೂ ಸರ್ಕಾರ ಹೇಳಿದ ಬೆಲೆಗೆ ಲೆವಿ ಭತ್ತ ಅಳೆದುಕೊಟ್ಟವನು ಆತ. ಪಟ್ಟಣಕ್ಕೆ ಅಗ್ಗದ ಅನ್ನ ಹಾಕಿದವನಿಗೆ ಪ್ರಾವಿಡೆಂಟ್ ಫಂಡೂ ಇಲ್ಲ, ಗ್ರಾಚ್ಯುಯಿಟಿಯೂ ಇಲ್ಲ. ಇರುವುದು ಸೊಸೈಟಿ ಸಾಲ, ತಿಂಗಳಿಗೊಂದು ಸಂಧ್ಯಾ ಸುರಕ್ಷಾ.

ಈ ಪಿಂಚಣಿಯಿಂದ ಏನೂ ಆಗಿಲ್ಲ ಅನ್ನುವವರ ಮಾತು ಸುಳ್ಳು. 2007ರಲ್ಲಿ 400 ರೂಪಾಯಿಗೆ ಶುರುವಾದದ್ದು ಈಗ 1,200ಕ್ಕೆ ಬಂದಿದೆ. ಬಿ.ಪಿ. ಮಾತ್ರೆಗೆ, ಎಲೆ ಅಡಿಕೆಗೆ ಮಗನ ಮುಂದೆ ಕೈ ಚಾಚುವುದು ಅಷ್ಟರಮಟ್ಟಿಗೆ ತಪ್ಪಿದೆ. ಅಜ್ಜಿಯ ಕೈಯಲ್ಲಿ ನಾಲ್ಕು ಕಾಸಿದ್ದರೆ ಸೊಸೆಯ ದನಿಯೂ ಬೇರೆ ಆಗುತ್ತದೆ, ನಿಮಗೇ ಗೊತ್ತು. ದಕ್ಷಿಣ ಆಫ್ರಿಕದಲ್ಲಿ ಕರಿಯರಿಗೂ ಬಿಳಿಯರಷ್ಟೇ ವೃದ್ಧಾಪ್ಯ ವೇತನ ಸಿಗತೊಡಗಿದ ಮೇಲೆ ಲೆಕ್ಕ ಹಾಕಿ ನೋಡಿದರು. ಅಜ್ಜಿಯ ಕೈಗೆ ಹಣ ಬಂದ ಮನೆಗಳಲ್ಲಿ ಮೊಮ್ಮಗಳು ಮೈ ತುಂಬಿಕೊಂಡಿದ್ದಳು. ಮುದುಕಿಗೆ ಕೊಟ್ಟ ದುಡ್ಡು ಮಗುವಿನ ಹೊಟ್ಟೆಗೂ ಹೋಗುತ್ತದೆ.

ಹಾಗಾದರೆ ನಮ್ಮ ತಕರಾರು ಏನು? 1,200 ಅಂದರೆ ದಿನಕ್ಕೆ ನಲವತ್ತು ರೂಪಾಯಿ. ಇನ್ನು ದೆಹಲಿಯ ಪಾಲು ಕೇಳಿ. 1995ರಲ್ಲಿ 75 ರೂಪಾಯಿ. 2006ರಲ್ಲಿ 200 ಆಯಿತು. ಅಲ್ಲಿಗೇ ಕಲ್ಲಾಗಿ ಕೂತಿತು! ಎಂಬತ್ತು ದಾಟಿದವರಿಗೆ ಮಾತ್ರ 500. ಅಂದಿನ ಬೇಳೆ ಬೆಲೆ ಏನು, ಇಂದಿನದೇನು? ಏರದ ಪಿಂಚಣಿ ಎಂದರೆ ವರ್ಷವರ್ಷವೂ ಕಡಿಮೆ ಮಾಡಿದ ಪಿಂಚಣಿ. ಸರ್ಕಾರಿ ನೌಕರರಿಗೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತದೆ. ಏರಲಿ, ಅವರದ್ದು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಆದರೆ ಮಾಜಿ ಸಂಸದರ ಪಿಂಚಣಿಯನ್ನು 25,000ದಿಂದ 31,000ಕ್ಕೆ ಏರಿಸಿ, 2023ರ ಏಪ್ರಿಲ್‌ನಿಂದಲೇ ಲೆಕ್ಕ ಹಿಡಿದವರಿಗೆ 200 ಯಾಕೆ ಕಾಣುವುದಿಲ್ಲ?

2019ರಲ್ಲಿ ಕಿಸಾನ್ ಮಾನ್‌ಧನ್ ಎಂದು ತಂದರು. ಅರವತ್ತಾದ ಮೇಲೆ ತಿಂಗಳಿಗೆ 3,000. ಸೇರಲು ವಯಸ್ಸು ನಲವತ್ತು ಮೀರಿರಬಾರದು, ಕಂತನ್ನು ರೈತನೇ ಕಟ್ಟಬೇಕು. ಅಂದರೆ ಈಗಾಗಲೇ ಮುದುಕನಾದವನಿಗೆ ಬಾಗಿಲು ಮುಚ್ಚಿದೆ. ಬೆಳೆಗೆ ಬೆಲೆ ಸಿಗದ ಹುಡುಗ ಕಂತಿಗೆ ಎಲ್ಲಿಂದ ತರಬೇಕು?

ಬ್ಯಾಂಕಿನ ಕಥೆ ಬೇರೆ. ಕುಡುಗೋಲು ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ; 'ನಾಳೆ ಬಾ ಅಜ್ಜಿ' ಅಂತಾರೆ, ನಾಳೆ ಬರೋದಕ್ಕೆ ಬಸ್ಸಿನ ದುಡ್ಡು ಯಾರು ಕೊಡ್ತಾರೆ? 2024ರಲ್ಲಿ ಬರ ಪರಿಹಾರವನ್ನೇ ಬ್ಯಾಂಕುಗಳು ಸಾಲಕ್ಕೆ ಜಮಾ ಮಾಡಿಕೊಂಡು, ಬೇಡವೆಂದು ಸರ್ಕಾರ ಹೇಳಬೇಕಾಯಿತು. ಇಂಥವರ ಕೈಗೆ ಮುದುಕರ ಖಾತೆ ಸಿಕ್ಕಿದೆ, ಹುಷಾರು.

ಇದನ್ನು 'ಸಹಾಯಧನ' ಅಂತ ಕರೆಯುವುದನ್ನು ನಾವು ಒಪ್ಪಬಾರದು. ನಲವತ್ತು ವರ್ಷ ಬೆಲೆಯಲ್ಲಿ ಹಿಡಿದುಕೊಂಡ ಬಾಕಿಯ ಒಂದು ಚೂರು ಇದು. ಬೆಂಬಲ ಬೆಲೆ ಕೇಳುವ ಅರ್ಜಿಯಲ್ಲೇ ಪಿಂಚಣಿಯನ್ನೂ ಬರೆಯಿರಿ: ಬೆಲೆ ಏರಿದಂತೆ ತಾನಾಗಿ ಏರಬೇಕು, ಯಾವ ಬ್ಯಾಂಕೂ ಸಾಲಕ್ಕೆ ಮುಟ್ಟಬಾರದು, ಬೆರಳು ಹೊಂದದಿದ್ದರೆ ಮನೆಗೇ ತಂದುಕೊಡಬೇಕು. ಮುಂದಿನ ಗ್ರಾಮಸಭೆಗೆ ಊರಿನ ಅಜ್ಜ ಅಜ್ಜಿಯರನ್ನು ಗಾಡಿ ಕಟ್ಟಿಕೊಂಡು ಕರೆತನ್ನಿ. ಪಾಸ್‌ಬುಕ್ಕು ಅವರ ಕೈಯಲ್ಲೇ ಇರಲಿ.